ನಮ್ಮ ಕಂಬಕ್ಕೆ ಬೇಕಿದ್ದ ಕೆಂಪು

ಇನ್ನು ಮುಂದೆ ಈ ಭೂಮಂಡಲದಲ್ಲಿ ಯಾವ ನರಮನುಷ್ಯನೂ ನಮ್ಮ ಗ್ರೆಲ್ಸ್‌ನೇಸ್ ಊರನ್ನು ಸ್ವೀಡನ್ ಎನ್ನಕೂಡದು. ಹಾಗೆ ಮಾಡಿ ತೋರಿಸದಿದ್ದರೆ ನನ್ನ ಹೆಸರು ರೂನಾರ್ ಅಲ್ಲ! ಹೀಗೆಂದು ಕಳೆದ ಮಾರ್ಚ್ ತಿಂಗಳ ಒಂದು ಭಾನುವಾರ ಅಡುಗೆಮನೆಯ ಮೇಜು ಗುದ್ದಿ ಶಪಥ ಮಾಡಿದೆ. ಗುದ್ದಿದ ರಭಸಕ್ಕೆ ಕಾಫಿ ಚೆಲ್ಲಿತು. ನನ್ನ ಹೆಂಡತಿ ಸಿರ್ಕಾ ಒರೆಸುವ ಬಟ್ಟೆಯನ್ನು ನನ್ನ ಕಡೆ ತಳ್ಳಿ, "ಮೊದಲು ಮೇಜು ಒರೆಸು. ಭೂಮಂಡಲ ಆಮೇಲೆ ನೋಡ್ಕೊಳ್ಳೋಣ," ಅಂದಳು.

ಇಷ್ಟಕ್ಕೆಲ್ಲ ಕಾರಣ ಒಂದು ಆಟ. ಸಿರ್ಕಾ ಹಡಗಿನ ಕ್ಯಾಂಟೀನಿನ ಕೆಲಸದಿಂದ ನಿವೃತ್ತಳಾದ ಮೇಲೆ, ಫಿನ್‌ಲೆಂಡಿನ ಟುರ್ಕು ಪಟ್ಟಣದಲ್ಲಿರುವ ತಂಗಿ ಅನ್ನೇಲಿಯ ಜೊತೆ ಫೋನು ಹಿಡಿದುಕೊಂಡು ಪ್ರತಿ ಭಾನುವಾರ ಈ ಆಟ ಆಡುತ್ತಾಳೆ. ಕಂಪ್ಯೂಟರಿನ ಮೇಲೆ ಲೋಕದ ಯಾವುದೋ ಮೂಲೆಯ ರಸ್ತೆಯ ಚಿತ್ರ ಬರುತ್ತದೆ. ಊರಿನ ಹೆಸರು ಕಾಣುವುದಿಲ್ಲ, ಮನುಷ್ಯರ ಮುಖಗಳನ್ನೂ ಯಂತ್ರವೇ ಮಸುಕು ಮಾಡಿರುತ್ತದೆ. ಮರ, ಕಂಬ, ರಸ್ತೆಯ ಗೆರೆ ನೋಡಿ ಇದು ಇಂಥ ಜಾಗ ಎಂದು ನಕ್ಷೆಯ ಮೇಲೆ ಸೂಜಿ ಚುಚ್ಚಬೇಕು. ಚುಚ್ಚಿದ ಮೇಲೆ, ಬೇರೆ ನೂರು ಜನ ಎಲ್ಲೆಲ್ಲಿ ಚುಚ್ಚಿದ್ದಾರೆ ಅನ್ನುವುದೂ ಕಾಣುತ್ತದೆ.

ನಾನು ಈ ಆಟದಲ್ಲಿ ಕೈ ಹಾಕಿದವನಲ್ಲ, ಬಾಯಿ ಹಾಕಿದವನು. ಮೂವತ್ತನಾಲ್ಕು ವರ್ಷ ರಸ್ತೆ ಹಾಕಿದ ಮನುಷ್ಯ ನಾನು! ಸಿರ್ಕಾಳ ಹೆಗಲ ಹಿಂದೆ ನಿಂತು ಕಣ್ಣು ಮಿಟುಕಿಸುವುದರೊಳಗೆ ತೀರ್ಪು ಕೊಡುತ್ತಿದ್ದೆ. ನಡುಗೆರೆ ಹಳದಿಯೋ, ನಾರ್ವೆ. ಅಂಚಿನ ಗೆರೆ ತುಂಡು ತುಂಡೋ, ಸ್ವೀಡನ್; ಪೂರಾ ಗೆರೆ ಎಳೆಯುವಷ್ಟು ತಾಳ್ಮೆ ಅವರಿಗೆಲ್ಲಿದೆ? ಅಂಚಿನ ಗೆರೆ ನೆಟ್ಟಗೆ ದಿಗಂತದವರೆಗೆ ಹೋಗಿ, ನೋಡುವವನಿಗೆ ಬದುಕೇ ಬೇಡವೆನಿಸಿದರೆ, ಫಿನ್‌ಲೆಂಡ್. ಈ ಕೊನೆಯದನ್ನು ಹೇಳಿದಾಗಲೆಲ್ಲ ಸಿರ್ಕಾ ಫಿನ್‌ಲೆಂಡಿನವಳಾದ್ದರಿಂದ ನನ್ನ ಕಾಲು ತುಳಿಯುತ್ತಿದ್ದಳು.

ಆ ಭಾನುವಾರ ಪರದೆಯ ಮೇಲೆ ಬಂದದ್ದು ನಮ್ಮದೇ ಊರು! ನಮ್ಮ ಬಸ್ ನಿಲ್ದಾಣ, ನಮ್ಮ ಅಂಚೆ ಡಬ್ಬಿಗಳ ಸಾಲು, ಪಕ್ಕದ ಮನೆ ಆಲ್ಗೋತನ ಆಲೂಗಡ್ಡೆ ಗೋದಾಮು. ನಾನು ಹಿಗ್ಗಿ ಹೀರೆಕಾಯಿಯಾದೆ. ಆಮೇಲೆ ನಕ್ಷೆ ತೆರೆಯಿತು. ನೂರು ಜನರಲ್ಲಿ ಎಂಬತ್ತೆಂಟು ಜನ ಸೂಜಿ ಚುಚ್ಚಿದ್ದು ಸ್ವೀಡನ್ನಿಗೆ! ಉಳಿದವರು ನಾರ್ವೆ, ಎಸ್ಟೋನಿಯಾ ಎಂದು ಅಲೆದಿದ್ದರು. ಒಬ್ಬ ಪುಣ್ಯಾತ್ಮ ಕೆನಡಾಕ್ಕೆ ಹೋಗಿದ್ದ. ಸ್ವೀಡನ್ನಿಗೂ ಫಿನ್‌ಲೆಂಡಿಗೂ ನಡುವೆ ಕಡಲಲ್ಲಿರುವ ನಮ್ಮ ಓಲಂಡ್ ದ್ವೀಪದ ಮೇಲೆ ಒಂದೇ ಒಂದು ಸೂಜಿ ಇರಲಿಲ್ಲ. ಎಲ್ಲಕ್ಕಿಂತ ಮೈ ಉರಿದದ್ದು, ನಮ್ಮ ಮನೆಗೆ ಹನ್ನೊಂದು ಸಲ ಬಂದು ನನ್ನ ಕೈಯ ಮೀನು ತಿಂದು ಹೋದ ಅನ್ನೇಲಿ ಕೂಡ ಸ್ವೀಡನ್ ಅಂದದ್ದು!

ಇದು ಎಂಥ ಅವಮಾನ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ನಾವು ಆಡುವುದು ಸ್ವೀಡನ್ನಿನ ಭಾಷೆ, ಒಪ್ಪಿದೆ. ನಕ್ಷೆಯಲ್ಲಿ ನಮ್ಮನ್ನು ಫಿನ್‌ಲೆಂಡಿಗೆ ಸೇರಿಸಿದ್ದಾರೆ, ಅದನ್ನೂ ಸಹಿಸಿಕೊಂಡಿದ್ದೇವೆ. ಆದರೆ ನಾವು ಅವರೂ ಅಲ್ಲ, ಇವರೂ ಅಲ್ಲ. ನಮ್ಮ ಅಂಚೆಚೀಟಿ ನಮ್ಮದು, ಬಾವುಟ ನಮ್ಮದು. ಸ್ವೀಡನ್ನಿನ ಬಾವುಟ ನೀಲಿ ಬಟ್ಟೆಯ ಮೇಲೆ ಹಳದಿ ಶಿಲುಬೆ, ಅಷ್ಟೇ. ನಮ್ಮದರಲ್ಲಿ ಆ ಹಳದಿಯ ನಟ್ಟನಡುವೆ ಕೆಂಪು ಪಟ್ಟಿ ಇದೆ. ಆ ಕೆಂಪೇ ನಾವು!

ನಮ್ಮ ರಸ್ತೆಯೂ ಕೆಂಪು. ನಮ್ಮ ನೆಲದ ಕೆಂಪು ಬಂಡೆಯನ್ನು ಪುಡಿಮಾಡಿ ಡಾಂಬರಿಗೆ ಸೇರಿಸಿ ನಾನೇ ಹಾಸಿದ ರಸ್ತೆಗಳು. ನಾನು ನಿವೃತ್ತನಾದದ್ದೇ ತಡ, ಯಾರೋ ಗುತ್ತಿಗೆದಾರ ಎಲ್ಲಿಂದಲೋ ಬೂದುಬಣ್ಣದ ಕಲ್ಲು ತಂದು ಸರಿಯಾಗಿ ನಮ್ಮ ಊರಿನ ಮುಂದಿನ ತುಂಡಿಗೇ ತೇಪೆ ಹಾಕಿ ಹೋದ. ಚಿತ್ರದಲ್ಲಿದ್ದದ್ದು ಆ ತೇಪೆ.

"ರಸ್ತೆ ಹೋದ್ರೆ ಹೋಯ್ತು, ನಮ್ಮ ಕಂಬ ಎಲ್ಲಿ?" ಎಂದು ನಾನು ಪರದೆಯನ್ನು ಬೆರಳಿನಿಂದ ಕುಟ್ಟಿದೆ. ಜೂನ್ ತಿಂಗಳ ಕೊನೆಗೆ ಬರುವ ಬೇಸಿಗೆಯ ನಡುಹಬ್ಬಕ್ಕೆ ನಾವು ಏರಿಸುವ ಕಂಬ ಮುಂದಿನ ಹಬ್ಬದವರೆಗೆ ಇಡೀ ವರ್ಷ ನಿಂತೇ ಇರುತ್ತದೆ. ಇಪ್ಪತ್ತು ಮೀಟರು ಎತ್ತರ, ಮೈತುಂಬ ಪುಟ್ಟ ಹಾಯಿದೋಣಿಗಳು, ತುದಿಯಲ್ಲಿ ಗಾಳಿ ಬಂದಾಗ ಕೈ ಬೀಸುವ ಮರದ ಗೊಂಬೆ. ಅದನ್ನು ಕಂಡವನು ಸ್ವೀಡನ್ ಅನ್ನುವುದುಂಟೇ?

"ಆಲ್ಗೋತನ ಗೋದಾಮಿನ ಹಿಂದಿದೆ. ಕಾಣಲ್ಲ," ಅಂದಳು ಸಿರ್ಕಾ.

ಶಪಥ ಮಾಡಿದ್ದು ಆಗಲೇ. ಅದೇ ವಾರ ಪತ್ರಿಕೆಯಲ್ಲಿ, ಹಬ್ಬ ಮುಗಿದ ಮೇಲೆ ಜುಲೈ ತಿಂಗಳಲ್ಲಿ, ಈ ರಸ್ತೆಯ ಚಿತ್ರಗಳನ್ನು ತೆಗೆಯುವ ಫೋಟೋ ಕಾರು ನಮ್ಮ ದ್ವೀಪಕ್ಕೆ ಮತ್ತೆ ಬರುತ್ತದೆ ಎಂಬ ಸುದ್ದಿಯೂ ಬಂತು. ದೇವರು ನನ್ನ ಪಕ್ಷ ಎಂದು ಖಾತ್ರಿಯಾಯಿತು.

ಊರಿನ ಸಭೆ ಕರೆದೆ. ಸಭೆಯೆಂದರೆ ನಮ್ಮಲ್ಲಿ ಮೊದಲು ಕಾಫಿ, ಆಮೇಲೆ ಏಲಕ್ಕಿ ಹಾಕಿದ ದಪ್ಪ ಪ್ಯಾನ್‌ಕೇಕು, ಕೊನೆಗೆ ಜಗಳ. ಕಂಬವನ್ನು ಗೋದಾಮಿನ ಹಿಂದಿನ ದಿಬ್ಬದಿಂದ ಬಸ್ ನಿಲ್ದಾಣದ ಪಕ್ಕಕ್ಕೆ ತರಬೇಕು, ಬಿಳಿಯ ಬದಲು ಬಾವುಟದ ಮೂರು ಬಣ್ಣ ಬಳಿಯಬೇಕು ಎಂದು ನಾನು ಅರ್ಧ ಗಂಟೆ ಭಾಷಣ ಬಿಗಿದೆ. ಎಲ್ಲರೂ ತಲೆಯಾಡಿಸಿದರು. ಆಲ್ಗೋತ್ ಮಾತ್ರ ಪ್ಯಾನ್‌ಕೇಕಿನ ಮೇಲೆ ಒಣದ್ರಾಕ್ಷಿ ಪಾಕ ಸುರಿದುಕೊಳ್ಳುತ್ತ, ಬಿಳಿಗೇನು ಬಂದಿದೆ ಕೇಡು ಅಂದ. ಕಂಪ್ಯೂಟರಿನಲ್ಲಿ ಯಾರೋ ಏನೋ ಅಂದರೆ ನಮ್ಮ ಆಲೂಗಡ್ಡೆಯ ರುಚಿ ಕೆಡುತ್ತದೆಯೇ ಎಂದೂ ಕೇಳಿದ.

ನನಗೆ ಪಿತ್ತ ನೆತ್ತಿಗೇರಿತು. ಕೊರಳಲ್ಲಿದ್ದ ಹಿತ್ತಾಳೆಯ ಸೀಟಿಯನ್ನು ತೆಗೆದು ಮೇಜಿನ ಮೇಲಿಟ್ಟೆ. ಕಂಬ ಏರಿಸುವ ಯಜಮಾನನ ಸೀಟಿ ಅದು. ಒಂದು ಊದಿದರೆ ಎತ್ತಬೇಕು, ಎರಡು ಊದಿದರೆ ನಿಲ್ಲಬೇಕು. ಮೂವತ್ತು ಜನ ಗಂಡಸರು ಹೆಂಗಸರು ಉಸಿರು ಹಿಡಿದು ಕಾಯುವುದು ಅದರ ಸದ್ದಿಗೆ. ನನ್ನ ಅಪ್ಪ ಊದಿದ್ದು, ಹತ್ತೊಂಬತ್ತು ವರ್ಷದಿಂದ ನಾನು ಊದುತ್ತಿದ್ದೆ. ವರ್ಷದ ಮುನ್ನೂರ ಅರವತ್ತನಾಲ್ಕು ದಿನ ನಾನು ಸಿರ್ಕಾಳ ಗಂಡ. ಆ ಒಂದು ದಿನ ನಾನು ರೂನಾರ್.

"ಹೊಸ ಚಿತ್ರ ನೋಡಿ ಲೋಕ ಸ್ವೀಡನ್ ಅಂದ್ರೆ, ಈ ಸೀಟಿ ನಿನ್ನದು," ಅಂದೆ.

ಆಲ್ಗೋತ್ ತಿನ್ನುವುದನ್ನು ನಿಲ್ಲಿಸಿದ. ಅವನಿಗೂ ಆ ಸೀಟಿಯ ಮೇಲೆ ಬಹಳ ವರ್ಷಗಳ ಕಣ್ಣು. ಪಾಕ ಮೆತ್ತಿದ ಕೈಯನ್ನೇ ಚಾಚಿ ಒಪ್ಪಂದ ಮಾಡಿದ.

ಮೇ ತಿಂಗಳ ಕೊನೆಗೆ ಕಂಬ ಇಳಿಸಿ ರಸ್ತೆ ಪಕ್ಕ ಮಲಗಿಸಿದೆವು. ನೀಲಿ ಬಳಿದೆ. ಒಣಗಿದ ಮೇಲೆ ಹಳದಿ ಪಟ್ಟೆಗಳನ್ನು ಬಳಿದೆ. ಇನ್ನುಳಿದದ್ದು ಹಳದಿಯ ನಡುವಿನ ಕೆಂಪು. ಆ ಕೆಂಪು ಅಂಥಿಂಥ ಕೆಂಪಾದರೆ ನಡೆಯುತ್ತದೆಯೇ? ನಮ್ಮ ಬಂಡೆಯ ಕೆಂಪೇ ಆಗಬೇಕು! ರಸ್ತೆಯ ಹಳೆಯ ತುಂಡಿನಿಂದ ಮುಷ್ಟಿಗಾತ್ರದ ಕಲ್ಲೊಂದನ್ನು ಕಿತ್ತು ಹಬ್ಬದ ಕೋಟಿನ ಜೇಬಿಗೆ ಹಾಕಿಕೊಂಡು ಮಾರಿಯೆಹಾಮ್ನ್ ಪೇಟೆಯ ಬಣ್ಣದ ಅಂಗಡಿಗೆ ಹೋದೆ. ಅಂಗಡಿಯವನು ಕಲಸಿದ. ಟೊಮೇಟೊ ಆಯಿತು ಅಂದೆ. ಮತ್ತೆ ಕಲಸಿದ. ಅದು ಇಟ್ಟಿಗೆ. ಮೂರನೆಯದು ಮುದುಕಿಯರ ತುಟಿಬಣ್ಣ. ನಾಲ್ಕನೆಯದಕ್ಕೆ ಅವನು, ಹತ್ತು ದಿನ ಬಿಟ್ಟು ಬಾ, ಅಥವಾ ಬರಲೇಬೇಡ ಅಂದ.

ಮನೆಗೆ ಬಂದು ಈ ಅನ್ಯಾಯವನ್ನು ಹೇಳಿಕೊಂಡರೆ ಸಿರ್ಕಾ ಆಲೂಗಡ್ಡೆ ಸುಲಿಯುತ್ತ, "ಯಾವುದೋ ಒಂದು ಕೆಂಪು ಬಳಿ ರೂನಾರ್. ಕಾರಲ್ಲಿ ಹೋಗೋರು ಕಲ್ಲು ಹಿಡ್ಕೊಂಡು ಹೋಲಿಸಿ ನೋಡ್ತಾರಾ?" ಅಂದಳು. ಕಲೆಯ ವಿಷಯ ಟುರ್ಕುವಿನವರ ಜೊತೆ ಮಾತಾಡಬಾರದೆಂದು ಸುಮ್ಮನಾದೆ.

ಜೂನ್ ಹನ್ನೊಂದು, ಬೆಳಗ್ಗೆ ಹತ್ತು ಗಂಟೆ. ಹಡಗಿನ ಕ್ಯಾಂಟೀನಿನಿಂದ ಸಿರ್ಕಾಳ ಹಳೆಯ ಗೆಳತಿಯ ಫೋನು. ತಲೆಯ ಮೇಲೆ ಕ್ಯಾಮೆರಾ ಹೊತ್ತ ಕಾರೊಂದು ಹಡಗಿನಲ್ಲಿದೆ, ಚಾಲಕ ಈಗ ಮಾಂಸದುಂಡೆ ತಿನ್ನುತ್ತಿದ್ದಾನೆ, ಇಳಿದವನೇ ಮೊದಲು ನಿಮ್ಮ ದಾರಿಯಲ್ಲೇ ಬರುವವನಂತೆ! ಜುಲೈ ಎಂದು ಅಚ್ಚು ಹಾಕಿ ಜೂನಿನಲ್ಲಿ ಬರುವುದೇ? ಇದಕ್ಕೆ ಹೇಳುವವರು ಕೇಳುವವರು ಯಾರೂ ಇಲ್ಲವೇ?

ಲೆಕ್ಕ ಹಾಕಿದರೆ ಉಳಿದದ್ದು ಮೂರು ಗಂಟೆ. ಕಂಬ ಮಲಗಿತ್ತು. ಕೆಂಪು ಅಂಗಡಿಯಲ್ಲಿತ್ತು. ಆಗ ಆಲ್ಗೋತ್, ಇದನ್ನು ನಾನು ಇವತ್ತಿಗೂ ಮರೆತಿಲ್ಲ, ತನ್ನ ಗೋದಾಮಿನಿಂದ ಅರ್ಧ ಡಬ್ಬಿ ಕೆಂಪು ಬಣ್ಣ ಹಿಡಿದುಕೊಂಡು ಬಂದ.

"ಗೋಡೆಗೆ ಬಳಿದು ಮಿಕ್ಕಿದ್ದು. ತಗೋ. ಪಂದ್ಯ ಪಂದ್ಯವೇ, ಆದ್ರೆ ಕಂಬ ಊರಿಂದು," ಅಂದ.

ಡಬ್ಬಿ ನೋಡಿದೆ. ಕೊಟ್ಟಿಗೆ, ಗೋದಾಮುಗಳಿಗೆ ಬಳಿಯುವ ಮಂಕು ಕೆಂಪು. ಅದು ಹುಟ್ಟಿದ್ದೇ ಸ್ವೀಡನ್ನಿನ ತಾಮ್ರದ ಗಣಿಯಲ್ಲಿ! ನಾವು ಸ್ವೀಡನ್ ಅಲ್ಲ ಎಂದು ಲೋಕಕ್ಕೆ ಸಾರುವ ಕಂಬಕ್ಕೆ ಸ್ವೀಡನ್ನಿನ ಮಣ್ಣು ಮೆತ್ತುವುದೇ? ನಾನು ಎದೆ ಸೆಟೆಸಿ, "ನಮ್ಮ ಕಂಬ ಬೆತ್ತಲೆ ನಿಂತರೂ ಸರಿ, ಆ ಬಣ್ಣ ಮುಟ್ಟಲ್ಲ," ಅಂದೆ.

ಸಿರ್ಕಾ ಬಾಯಿ ತೆರೆದಳು. ನನ್ನ ಮುಖ ನೋಡಿ ಮುಚ್ಚಿದಳು. ಮೂವತ್ತೊಂದು ವರ್ಷದ ದಾಂಪತ್ಯದಲ್ಲಿ ಅವಳು ಬಾಯಿ ಮುಚ್ಚಿದಾಗಲೆಲ್ಲ ನಾನು ಕೆಟ್ಟಿದ್ದೇನೆ.

ಆದರೆ ಆಗ ಅದನ್ನೆಲ್ಲ ಯೋಚಿಸಲು ಪುರುಸೊತ್ತೆಲ್ಲಿ? ಕೆಂಪಿಲ್ಲದಿದ್ದರೆ ಹೋಯಿತು, ಕಂಬ ನಿಂತರೆ ಸಾಕು. ಕಂಬ ಏಳಲು ಮೂವತ್ತು ಜನ ಬೇಕು. ಕೆಲಸದ ದಿನ, ಊರಲ್ಲಿದ್ದವರು ಒಂಬತ್ತು. ನಾನು ಸೀಟಿ ಊದುತ್ತ ಓಡಿದೆ. ಮಗುವಿನ ನಾಮಕರಣದ ಕಾಫಿ ಕುಡಿಯುತ್ತಿದ್ದ ಪಾದ್ರಿಯನ್ನು ಬಟ್ಟಲು ಸಮೇತ ಎಬ್ಬಿಸಿ ತಂದೆ, ಅವರ ಹಿಂದೆ ನೆಂಟರೂ ಬಂದರು. ಮಧ್ಯಾಹ್ನದ ಬಸ್ಸು ಬಂದಾಗ ಅಡ್ಡ ನಿಂತು ಕೈ ಚಾಚಿದೆ. ಚಾಲಕ ಸಮಯದ ಪಟ್ಟಿ ತೋರಿಸಿದ. ನಾನು ಕಂಬ ತೋರಿಸಿದೆ. ಅವನೂ ನಮ್ಮ ದ್ವೀಪದವನೇ ಆದ್ದರಿಂದ ಎಂಜಿನ್ನು ಆರಿಸಿ ಹನ್ನೊಂದು ಪ್ರಯಾಣಿಕರ ಜೊತೆ ಇಳಿದ. ಅವರಲ್ಲಿ ಇಬ್ಬರು ಜರ್ಮನಿಯ ಪ್ರವಾಸಿಗಳು. ಇದು ಟಿಕೇಟಿನಲ್ಲೇ ಸೇರಿದೆ ಎಂದು ತಿಳಿದು ಬಹಳ ಖುಷಿಯಿಂದ ಹಗ್ಗ ಹಿಡಿದರು.

ಒಂದು ಊದಿದೆ. ಕಂಬ ಎದ್ದಿತು. ಎರಡು ಊದಿದೆ. ನಿಂತಿತು. ಕಂಬಕ್ಕೆ ಆಸರೆ ಕೊಟ್ಟ ಕವೆಗೋಲುಗಳು ಬದಲಾದವು. ಮತ್ತೆ ಒಂದು. ಪಾದ್ರಿಯ ಕನ್ನಡಕ ಬಿತ್ತು, ನಾಮಕರಣದ ಮಗು ಅತ್ತಿತು, ಆಲ್ಗೋತ್ ಎಲ್ಲರಿಗಿಂತ ಮುಂದೆ ನಿಂತು ಹೆಗಲು ಕೊಟ್ಟಿದ್ದ. ಆ ಹೊತ್ತಿಗೆ ತಿರುವಿನಲ್ಲಿ ಕಾರು ಕಾಣಿಸಿತು! ಕಂಬ ಇನ್ನೂ ಓರೆ. ನಾನು ರಸ್ತೆಯ ನಟ್ಟನಡುವೆ ಹೋಗಿ, ಕಂಬಕ್ಕೂ ಕಾರಿಗೂ ಮಧ್ಯೆ ನಿಂತು, ಒಂದು ಕೈಯಿಂದ ಕಾರನ್ನು ತಡೆಯುತ್ತ ಇನ್ನೊಂದು ಕೈಯಿಂದ ಕಂಬವನ್ನು ಕರೆಯುತ್ತ, ನಿಧಾನವಾಗಿ ಬಾ ಎಂದು ಕಾರಿಗೂ ಬೇಗ ಏಳಿ ಎಂದು ಜನಕ್ಕೂ ಒಟ್ಟೊಟ್ಟಿಗೆ ಕೂಗಿದೆ. ಕಂಬ ಧಡಕ್ಕೆಂದು ಗುಳಿಯಲ್ಲಿ ಕೂತಿತು. ಗೊಂಬೆ ತುದಿಯಲ್ಲಿ ಕೈ ಬೀಸಿತು. ಕಾರು ನನ್ನನ್ನು ಸುತ್ತಿ ಬಳಸಿ ಹೋಯಿತು. ಒಳಗಿದ್ದವನು ಗೊಂಬೆಗೆ ಮರಳಿ ಕೈ ಬೀಸಿದ.

ಗೆದ್ದೆವು! ಪಾದ್ರಿಯನ್ನು ತಬ್ಬಿಕೊಂಡೆ, ಜರ್ಮನ್ನರನ್ನು ತಬ್ಬಿಕೊಂಡೆ, ಆಲ್ಗೋತನನ್ನೂ ತಬ್ಬಿಕೊಂಡೆ. ಹತ್ತು ದಿನದ ನಂತರ ಕೆಂಪು ಡಬ್ಬಿ ಬಂತು. ನಿಂತ ಕಂಬಕ್ಕೆ ಏಣಿ ಹಾಕಿ ಬಳಿಯುವಷ್ಟು ಹುಚ್ಚು ನನಗಿರಲಿಲ್ಲ. ಡಬ್ಬಿ ಜಗಲಿಯ ಬೆಂಚಿನ ಕೆಳಗೆ ಹೋಯಿತು. ಬಂಡೆಯ ತುಂಡು ಕೋಟಿನ ಜೇಬಿನಲ್ಲೇ ಉಳಿಯಿತು.

ನವೆಂಬರಿನಲ್ಲಿ ಹೊಸ ಚಿತ್ರಗಳು ಬಂದವು. ಸಿರ್ಕಾ ಐದು ಚಿತ್ರಗಳ ಒಂದು ಆಟ ಜೋಡಿಸಿ, ನಮ್ಮೂರನ್ನು ನಡುವೆ ಸೇರಿಸಿ, ಗುರುತು ಹೇಳದೆ ಆಟಗಾರರಿಗೆ ಬಿಟ್ಟಳು. ನೂರು ಜನ ಆಡಿ ಮುಗಿಸಿದ ಮೇಲೆ ಭಾನುವಾರ ಮಧ್ಯಾಹ್ನ ಊರಿನ ಸಭಾಭವನದಲ್ಲಿ ದೊಡ್ಡ ಪರದೆ ಕಟ್ಟಿದೆವು. ಇಡೀ ಊರು ಸೇರಿತು. ನಾನು ಹಬ್ಬದ ಕೋಟು ತೊಟ್ಟು, ಸೀಟಿಯನ್ನು ಉಜ್ಜಿ ಹೊಳಪು ಮಾಡಿ ಕೊರಳಿಗೆ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತೆ.

ಚಿತ್ರ ಬಂತು. ಜನ ಚಪ್ಪಾಳೆ ತಟ್ಟಿದರು. ಬೂದು ರಸ್ತೆ, ಅದರ ಪಕ್ಕ ಆಕಾಶಕ್ಕೆ ನೆಟ್ಟಗೆ ನಿಂತ ಕಂಬ. ಆಮೇಲೆ ಚಪ್ಪಾಳೆ ಒಂದೊಂದಾಗಿ ನಿಂತಿತು. ಕಂಬದ ತುದಿಯ ಮರದ ಗೊಂಬೆಯ ಮುಖವನ್ನು ಯಂತ್ರ ಬಹಳ ಮರ್ಯಾದೆಯಿಂದ ಮಸುಕು ಮಾಡಿತ್ತು. ಕೆಳಗೆ ರಸ್ತೆಯ ಮಧ್ಯೆ ಕೈ ಚಾಚಿ ನಿಂತಿದ್ದ ನನ್ನ ಮುಖವನ್ನು ಮಾತ್ರ ಹಾಗೇ ಬಿಟ್ಟಿತ್ತು. ತೆರೆದ ಬಾಯಿ, ಒಳಗಿನ ಹಲ್ಲು, ಉಬ್ಬಿದ ನರ, ಎಲ್ಲ ಸ್ಪಷ್ಟ. ಗೊಂಬೆ ಮನುಷ್ಯನಂತೆ, ನಾನು ಮರವಂತೆ! ಇಂಥ ಯಂತ್ರಕ್ಕೆ ದೇಶ ಗುರುತಿಸುವ ಕೆಲಸ ಕೊಟ್ಟಿದ್ದಾರೆ!

"ನಕ್ಷೆ ತೆಗಿ," ಅಂದ ಆಲ್ಗೋತ್.

ಸಿರ್ಕಾ ತೆಗೆದಳು. ಸ್ವೀಡನ್ನಿನ ಮೇಲೆ ಸೂಜಿಗಳು ಬೆಳೆದಿದ್ದವು. ತೊಂಬತ್ತಾರು! ಮೂರು ನಾರ್ವೆಯಲ್ಲಿ. ನಾನು ಕೈ ಹಾಕುವ ಮೊದಲು ಎಂಬತ್ತೆಂಟಿತ್ತು. ನಾನು ಊರಿಗೆ ಊರನ್ನೇ ಎಬ್ಬಿಸಿ, ಪಾದ್ರಿಯ ಕನ್ನಡಕ ಒಡೆಸಿ ದುಡಿದ ಮೇಲೆ ತೊಂಬತ್ತಾರು!

"ಹೇಗೆ? ಅಷ್ಟು ದೊಡ್ಡ ಕಂಬ ಕಣ್ಣಿಗೆ ಬೀಳಲ್ವಾ ಇವ್ರಿಗೆ?" ಎಂದು ಎದ್ದು ನಿಂತೆ.

"ಕಂಬ ನೋಡೇ ಹೇಳಿದಾರೆ," ಅಂದಳು ಸಿರ್ಕಾ ಮೆತ್ತಗೆ. "ನೀಲಿ, ಹಳದಿ. ನೀಲಿ, ಹಳದಿ. ತುದಿ ತನಕ."

ಇಪ್ಪತ್ತು ಮೀಟರು ಎತ್ತರದ ಸ್ವೀಡನ್ನಿನ ಬಾವುಟವನ್ನು ನನ್ನ ಕೈಯಾರೆ ಬಳಿದು, ನನ್ನ ಸೀಟಿ ಊದಿಯೇ ನಮ್ಮ ಊರಿನ ಮುಂದೆ ನಿಲ್ಲಿಸಿದ್ದೆ. ಅಪ್ಪನ ನೆನಪು ಬಂದು ನಿಜವಾಗಿಯೂ ಕಣ್ಣು ಹನಿಗೂಡಿತು.

ಆಗ ನನ್ನ ಕಣ್ಣಿಗೆ ನೂರನೆಯ ಸೂಜಿ ಬಿತ್ತು. ಓಲಂಡಿನ ಮೇಲೆ, ಸರಿಯಾಗಿ ಗ್ರೆಲ್ಸ್‌ನೇಸಿನ ಮೇಲೆ, ಒಂಟಿಯಾಗಿ! ಲೋಕದಲ್ಲಿ ಒಬ್ಬನಾದರೂ ಕಣ್ಣಿದ್ದವನು ಇದ್ದಾನೆ ಎಂದು ಕೂಗಿದೆ. ಆ ಮಹಾನುಭಾವ ಯಾರೆಂದು ಈಗಲೇ ನೋಡಬೇಕು, ಅವನನ್ನು ಹಬ್ಬಕ್ಕೆ ಕರೆಯಬೇಕು, ಕಂಬದ ಬುಡದಲ್ಲಿ ಕೂರಿಸಿ ಮೀನು ಬಡಿಸಬೇಕು ಅಂದೆ. ಸಿರ್ಕಾ ಸೂಜಿಯ ಮೇಲೆ ಒತ್ತಿ ಹೆಸರು ಓದಿದಳು.

"ಅನ್ನೇಲಿ," ಅಂದಳು.

ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟಳು. ಯಾವ ಗುರುತಿನಿಂದ ಕಂಡುಹಿಡಿದೆ, ಕಂಬದಿಂದಲೋ ಗೊಂಬೆಯಿಂದಲೋ ಎಂದು ನಾನೇ ಕೇಳಿದೆ. ಅನ್ನೇಲಿ ತನ್ನ ಮುರುಕು ಭಾಷೆಯಲ್ಲಿ ಸಾವಕಾಶವಾಗಿ ಹೇಳಿದಳು:

"ಕಂಬ ಇತ್ತಾ? ನಾನು ನೋಡ್ಲಿಲ್ಲ ಭಾವ. ರಸ್ತೆ ಮಧ್ಯೆ ಒಬ್ಬ ನಿಂತ್ಕೊಂಡು ಕಾರಿಗೆ ಬೈತಿದ್ದ. ಇಂಥೋರು ಲೋಕದಲ್ಲಿ ಇಬ್ಬರಿರಲ್ಲ ಅಂತ ನಿಮ್ಮನೆ ಮೇಲೇ ಸೂಜಿ ಚುಚ್ಚಿದೆ."

ಸಭಾಭವನದ ಚಾವಣಿ ಹಾರಿಹೋಗುವಂತೆ ಜನ ನಕ್ಕರು. ಪಾದ್ರಿ ಹೊಸ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಲ್ಗೋತ್ ಮಾತ್ರ ನಗದೆ ಬಂದು ನನ್ನ ಮುಂದೆ ಅಂಗೈ ಚಾಚಿದ. ನಾನು ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದೆ. ಇದು ಮೋಸ, ಕಾರು ಮೂರು ವಾರ ಮೊದಲೇ ಬಂತು, ಅಂಗಡಿಯವನು ಹತ್ತು ದಿನ ತಡಮಾಡಿದ, ಕೆಂಪೊಂದಿದ್ದಿದ್ದರೆ ಲೋಕಕ್ಕೆ ಲೋಕವೇ ನಮ್ಮನ್ನು ಗುರುತಿಸುತ್ತಿತ್ತು ಎಂದು ವಾದಕ್ಕಿಳಿದೆ. ಕೆಂಪು ಎಲ್ಲಿತ್ತು ಹೇಳಿ, ಎಲ್ಲಿತ್ತು ಕೆಂಪು ಎಂದು ಎಲ್ಲರನ್ನೂ ಕೇಳಿದೆ.

ಸಿರ್ಕಾ ಎದ್ದು ಬಂದಳು. ನನ್ನ ಕೋಟಿನ ಜೇಬಿಗೆ ಕೈ ಹಾಕಿ ಆ ಬಂಡೆಯ ತುಂಡನ್ನು ತೆಗೆದಳು. ಪರದೆಯ ಹತ್ತಿರ ಹೋಗಿ, ಚಿತ್ರವನ್ನು ದೊಡ್ಡದು ಮಾಡಿ, ಕಂಬದ ಹಳದಿ ಪಟ್ಟೆಯ ಮುಂದೆಯೇ ಬಾಯಿ ತೆರೆದು ನಿಂತಿದ್ದ ನನ್ನ ಮುಖದ ಪಕ್ಕಕ್ಕೆ ಕಲ್ಲನ್ನು ಹಿಡಿದಳು.

ಅಂಗಡಿಯವನು ಮೂರು ಸಲ ಕಲಸಿಯೂ ತರಲಾಗದ ಬಣ್ಣ. ಒಂದು ಎಳೆಯೂ ಆಚೀಚೆ ಇರಲಿಲ್ಲ.

"ಕೆಂಪು ಇಲ್ಲೇ ಇತ್ತಲ್ಲ," ಅಂದಳು.

ನಾನು ಮುಷ್ಟಿ ಬಿಚ್ಚಿದೆ. ಆಲ್ಗೋತ್ ಸೀಟಿಯನ್ನು ತೆಗೆದುಕೊಂಡು, ಅಂಗಿಗೆ ಒರೆಸಿ, ಕೊರಳಿಗೆ ಹಾಕಿಕೊಂಡ. ಯಜಮಾನನಾಗಿ ಅವನು ಕೊಟ್ಟ ಮೊದಲ ಅಪ್ಪಣೆ ಇದು:

"ಬರೋ ವರ್ಷ ಕಂಬಕ್ಕೆ ಬಿಳೀನೇ ಬಳೀರಿ. ಫೋಟೋ ಕಾರು ಬಂದ್ರೆ ರೂನಾರ್‌ನ ರಸ್ತೆ ಪಕ್ಕ ನಿಲ್ಸಿ, ಕಿವೀಲಿ ಸ್ವೀಡನ್ ಅಂತ ಒಂದು ಸಲ ಅನ್ನಿ. ಸಾಕು."